ಒಂದೇ ತಟ್ಟೆಯಲ್ಲಿ ಮದುವೆ

ಮೂರು ಗಂಟೆಯ ಮದುವೆಯನ್ನು ಒಂದು ಡಿವಿಡಿಗೆ ತುಂಬುವುದು ಅಂದರೆ ಒಂದೇ ಸ್ಕೂಟರಿಗೆ ಆರು ಜನರನ್ನು ಹತ್ತಿಸಿದ ಹಾಗೆ. ಯಾರನ್ನಾದರೂ ಇಳಿಸಲೇಬೇಕು. ಚನ್ನರಾಯಪಟ್ಟಣದಲ್ಲಿ ಹದಿನೈದು ವರ್ಷದಿಂದ ವಿಡಿಯೋ ಸ್ಟುಡಿಯೋ ನಡೆಸುವ ನಾನು, ಗೌರೀಶ, ಯಾರನ್ನು ಇಳಿಸಬೇಕು ಅನ್ನುವುದರಲ್ಲಿ ನಿಸ್ಸೀಮ ಅಂದುಕೊಂಡಿದ್ದೆ. ನಿಸ್ಸೀಮನಂತೆ, ಮಣ್ಣು!

2008ರ ಬೇಸಿಗೆಯಲ್ಲಿ ದುದ್ದದ ಹೊನ್ನಕ್ಕ ಒಂದು ಹಳೆಯ ಕ್ಯಾಸೆಟ್ ತಂದು ಮೇಜಿನ ಮೇಲಿಟ್ಟರು.

"ನಮ್ ಮೈದುನನ ಮದ್ವೆ ಕಣಪ್ಪ. ತೊಂಬತ್ಮೂರ್ರಲ್ಲಿ ನೀನೇ ತೆಗ್ದಿದ್ದು. ಇದ್ನ ಓಡ್ಸೋ ಮಿಷನ್ ಊರಲ್ಲೆಲ್ಲೂ ಇಲ್ಲ. ತಟ್ಟೆ ಮಾಡ್ಕೊಡು."

ಸಿಡಿ, ಡಿವಿಡಿ ಎಲ್ಲಾ ಅವರಿಗೆ ತಟ್ಟೆಯೇ. ಯಾಕಕ್ಕಾ ಇಷ್ಟು ವರ್ಷದ ಮೇಲೆ ಅಂದೆ.

"ನನ್ ಮಗಳು ಯಶಸ್ವಿನಿಗೆ. ಅವ್ಳು ಒಟ್ಟೇಲಿದ್ದಾಗ್ಲೇ ಅವ್ರಪ್ಪ ಕಾಮಾಲೆ ಆಗಿ ಓಗ್ಬುಟ್ರು. ಗೋಡೆ ಮೇಲಿನ ಫೋಟೋ ಬಿಟ್ರೆ ಅಪ್ಪನ್ನ ಕಂಡಿಲ್ಲ ಅವ್ಳು. ಎಂಗ್ ನಡೀತಿದ್ರು, ಎಂಗ್ ಮಾತಾಡ್ತಿದ್ರು ಅಂತ ಕೇಳ್ತಾಳೆ. ಏನ್ ಏಳ್ಲಿ ನಾನು? ಈ ಮದ್ವೇಲಿ ಓಡಾಡ್ತಿದ್ರಲ್ಲ, ನೋಡ್ಕಳ್ಲಿ."

ಗಂಡನ ಹೆಸರು ಅವರ ಬಾಯಲ್ಲಿ ಬರಲಿಲ್ಲ. ಲೇಬಲ್ಲಿನ ಮೇಲೆ ನನ್ನದೇ ಅಕ್ಷರವಿತ್ತು: 'ಬೈರಯ್ಯನವರ ತಮ್ಮನ ಮದುವೆ'. ಮದುಮಗನ ಅಣ್ಣ ಅಂದಮೇಲೆ ಮಂಟಪದಲ್ಲಿ ಇದ್ದೇ ಇರುತ್ತಾರೆ ಎಂದುಕೊಂಡು ನಾನು ಮತ್ತೇನೂ ಕೇಳಲಿಲ್ಲ.

ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದೆ. ಮೂರು ಗಂಟೆಗೆ ಹತ್ತು ನಿಮಿಷ ಕಮ್ಮಿ. ಡಿವಿಡಿಯ ಮೇಲೆ 4.7 ಜಿಬಿ ಅಂತ ಬರೆದಿರುತ್ತದೆ. ಕಂಪ್ಯೂಟರು ಅದನ್ನೇ 4.37 ಅಂತ ಲೆಕ್ಕ ಹಿಡಿಯುತ್ತದೆ. ನನ್ನ ಪ್ರಾಜೆಕ್ಟ್ ಐದೂ ಮುಕ್ಕಾಲು ತಲುಪಿ, ಕೆಳಗಿನ ಪಟ್ಟಿ ಕೆಂಪಗಾಯಿತು. ಮೆನುವಿನಲ್ಲಿ ಸುತ್ತುತ್ತಿದ್ದ ಗುಲಾಬಿಗಳನ್ನು ತೆಗೆದೆ. ಕೆಂಪೇ. ಚಿತ್ರದ ಗುಣಮಟ್ಟ ಇಳಿಸಿ ನೋಡಿದೆ. ಗಂಡು ಹೆಣ್ಣು ಇಬ್ಬರ ಮುಖವೂ ರಾಗಿಮುದ್ದೆಯಾಯಿತು. ಹೊನ್ನಕ್ಕನಿಗೆ ಫೋನ್ ಮಾಡಿ, ಎರಡು ಡಿವಿಡಿ ಮಾಡುತ್ತೇನೆ ಅಂದೆ.

"ಅಯ್ಯೋ, ಬಿಡ್ತು ಅನ್ನು! ಧಾರೆ ಒಂದ್ ತಟ್ಟೇಲಿ, ತಾಳಿ ಒಂದ್ ತಟ್ಟೇಲಾ? ಮದ್ವೇನ ಯಾರಾದ್ರೂ ಎರಡು ಓಳು ಮಾಡ್ತಾರೇನಪ್ಪಾ? ಮೈದುನನ ಮಕ್ಳುಮರಿ ಚೆನ್ನಾಗಿರ್ಬೇಕು."

ಈ ಮಾತಿಗೆ ಯಾವ ಸಾಫ್ಟ್‌ವೇರಿನಲ್ಲೂ ಉತ್ತರವಿಲ್ಲ. ಕತ್ತರಿ ಹಿಡಿದೆ. ಮದುವೆ ವಿಡಿಯೋದಲ್ಲಿ ಯಾರೂ ನೋಡದ ಭಾಗ ಯಾವುದು? ಊಟದ ಪಂಕ್ತಿ. ಕ್ಯಾಮರಾ ಬಂದರೆ ಹೆಂಗಸರು ಸೆರಗು ಅಡ್ಡ ಹಿಡಿಯುತ್ತಾರೆ, ಗಂಡಸರು ಬಾಯಿಗಿಟ್ಟ ತುತ್ತನ್ನು ಅಲ್ಲೇ ನಿಲ್ಲಿಸುತ್ತಾರೆ. ಮುಕ್ಕಾಲು ಗಂಟೆಯ ಊಟವನ್ನು ಒಂದೇ ಏಟಿಗೆ ಹಾರಿಸಿದೆ. ಪಟ್ಟಿ ಹಸಿರಾಯಿತು.

ಮರುದಿನ ಬೆಳಿಗ್ಗೆ ತಾಯಿ ಮಗಳು ಬಂದು ಕೂತರು. ಹದಿನಾಲ್ಕು ವರ್ಷದ ಯಶಸ್ವಿನಿ ಕುರ್ಚಿಯ ತುದಿಗೆ ಕೂತು ಕಣ್ಣು ಮಿಟುಕಿಸದೆ ನೋಡಿದಳು. ವರಪೂಜೆ ಮುಗಿಯಿತು, ಧಾರೆ ಮುಗಿಯಿತು, ಹೆಣ್ಣು ಒಪ್ಪಿಸುವುದೂ ಮುಗಿಯಿತು.

"ಊಟ ಎಲ್ಲಪ್ಪಾ?" ಅಂದರು ಹೊನ್ನಕ್ಕ.

ನನಗೆ ರೇಗಿತು. "ಉಣ್ಣೋದ್ನ ಯಾರಕ್ಕಾ ನೋಡ್ತಾರೆ? ಒಂದೇ ತಟ್ಟೆ ಬೇಕು ಅಂದೋರು ನೀವೇ. ಜಾಗ ಎಲ್ಲಿಂದ ತರ್ಲಿ ನಾನು?"

"ಮನೆಗ್ ಇರೇ ಮಗ ಕಣಪ್ಪ ಅವ್ರು. ತಮ್ಮನ್ ಮದ್ವೇಲಿ ಮಂಟಪದಾಗೆ ಕೂತ್ಕತಾರಾ? ಬೆಳಗ್ಗಿಂದ ಬಡ್ಸೋದ್ರಲ್ಲೇ ಇದ್ರು."

ಯಶಸ್ವಿನಿ ತಲೆ ತಗ್ಗಿಸಿ ಚಪ್ಪಲಿ ಹಾಕಿಕೊಳ್ಳಲು ಎದ್ದಳು. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಕೂತ್ಕೋ ತಾಯಿ ಎಂದು ಗದರಿಯೇಬಿಟ್ಟೆ.

ಹಾಸನದಲ್ಲಿ ಇದೇ ಕೆಲಸ ಮಾಡುವ ವಿಶ್ವಾಸ್‌ಗೆ ಫೋನ್ ಹಚ್ಚಿದೆ. ನನಗಿಂತ ಚಿಕ್ಕವನು, ಅವನನ್ನು ಕೇಳುವುದಕ್ಕೆ ಅಲ್ಲಿಯವರೆಗೆ ನನಗೆ ಬಿಗುಮಾನ.

"ಗೌರೀಶಣ್ಣ, ಆಡಿಯೋ ಯಾವುದರಲ್ಲಿಟ್ಟಿದ್ದೀರಿ? ಪಿಸಿಎಮ್ಮಾ? ಅದೊಂದೇ ಹತ್ತಿರ ಹತ್ತಿರ ಎರಡು ಜಿಬಿ ತಿನ್ನುತ್ತೆ ಮಾರಾಯ್ರೇ! ಸದ್ದನ್ನ ಕುಗ್ಗಿಸಿಡೋ ಡಾಲ್ಬಿಗೆ ಬದಲಾಯಿಸಿ. ಚಿತ್ರದ ತಂಟೆಗೇ ಹೋಗಬೇಡಿ."

ಊಟವನ್ನು ವಾಪಸ್ ಸೇರಿಸಿದೆ, ಸದ್ದನ್ನು ಬದಲಾಯಿಸಿದೆ. 4.15. ಹಸಿರು! ಪುಣ್ಯಾತ್ಮ ವಿಶ್ವಾಸ್, ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ಜೋರಾಗಿಯೇ ಹೇಳಿದೆ.

ಊಟದ ಭಾಗ ಹಾಕಿದೆ. ಎಲೆಗಳು, ತುತ್ತುಗಳು, ಬಡಿಸುವವರ ಕೈಗಳು ಮಾತ್ರ. ಪಂಕ್ತಿಯೆಲ್ಲ ಮುಗಿದ ಮೇಲೆ ಚಿತ್ರ ಒಮ್ಮೆ ಓಲಾಡಿ ವಾಲಿ ನಿಂತಿತು. ಕ್ಯಾಮರಾವನ್ನು ಆಫ್ ಮಾಡುವುದು ಮರೆತು ಬೆಂಚಿನ ಮೇಲೆ ಇಟ್ಟಿದ್ದೆ. ವಾರೆಯಾದ ಆ ಚಿತ್ರದಲ್ಲಿ ಎಲೆಯ ಮುಂದೆ ಕೂತವನು ಮೀಸೆ ಚಿಗುರಿದ್ದ ನಾನೇ. ಆ ಕಡೆಯಿಂದ ಪಂಚೆ ಎತ್ತಿ ಕಟ್ಟಿದ ಒಬ್ಬರು ಪಾಯಸದ ಬಕೆಟ್ ಹಿಡಿದು, ಬಲಗಾಲನ್ನು ತುಸು ಹೊರಗೆ ಹಾಕುತ್ತಾ ಬಂದರು.

"ಅವ್ರೇ," ಅಂದರು ಹೊನ್ನಕ್ಕ.

"ನಾಚ್ಕಬ್ಯಾಡ ಉಣ್ಲಾ," ಅಂತಿದ್ದರು ಬೈರಯ್ಯ. "ಬೆಳಗ್ಗಿಂದ ಆ ಕ್ಯಾಮ್ರಾನೇ ಒತ್ಕಂಡು ನಿಂತಿದ್ದೀಯ, ಒಬ್ರಾದ್ರೂ ಉಂಡ್ಯಾ ಅಂತ ಕೇಳಿಲ್ಲ. ಆಕ್ಸ್ಕೊ. ಕಾರ್ತೀಕದಲ್ಲಿ ನಮ್ಮನೇಗೊಂದು ಕೂಸು ಬತ್ತೈತೆ. ಎಣ್ಣಾಗ್ಲಿ ಅಂತ ನನ್ನಾಸೆ. ನಾಮಕರಣಕ್ಕೆ ನೀನೇ ಬಂದು ತೆಗೀಬೇಕು ಕಣ್ಲಾ!"

ಯಶಸ್ವಿನಿ ತಾಯಿಯ ಕಡೆ ತಿರುಗಿದಳು. "ಅವ್ವಾ, ಕೂಸು ಅಂದಿದ್ದು ನನ್ನೇ ಅಲ್ವಾ?"

"ನಿನ್ನೇ ಕಣವ್ವ. ಇನ್ಯಾರ್ನ?"

ಆ ಎಲೆಯ ನೆನಪೇ ನನಗಿರಲಿಲ್ಲ. ಹಸಿದವನಿಗೆ ಅನ್ನ ಹಾಕಿದವರನ್ನೇ ಕತ್ತರಿಸಿ ಎಸೆದು, ಉಂಡ ಮನೆಗೆ ಎರಡು ಬಗೆದಿದ್ದೆನಲ್ಲಪ್ಪ! ಕಣ್ಣು ಒರೆಸಿಕೊಂಡು ಪರದೆಗೆ ಕೈ ಮುಗಿದೆ.

"ನಿಮ್ಮಪ್ಪ ಕೈಯಾರೆ ಬಡ್ಸಿದ್ದು ಉಂಡೋನು ಕಣಮ್ಮ ನಾನು," ಅಂದೆ.

ಹುಡುಗಿ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು.

"ಏಳಿ ಸಾ," ಅಂದಳು. "ಇನ್ನೇನೇನ್ ಮಾತಾಡುದ್ರು ನಿಮ್ಜೊತೆ?"