ಮೊದಲ ಸಲಕ್ಕೆ ಎಪ್ಪತ್ತು

ತೂಕ ನೋಡಿಸಿಕೊಂಡು ಬಂದು ನಾನು ಶೂ ಕಟ್ಟಿಕೊಳ್ಳುವಷ್ಟರಲ್ಲಿ ಅತ್ತೆ ನನ್ನ ಚೀಟಿ ತುಂಬಿ ಮೇಜಿಗೆ ಕೊಟ್ಟಾಗಿತ್ತು. ಮೊದಲ ಪ್ರಯತ್ನ, ಎಪ್ಪತ್ತು ಕಿಲೋ.

ಬೆಂಚ್ ಪ್ರೆಸ್ ಸ್ಪರ್ಧೆಯಲ್ಲಿ ಒಬ್ಬೊಬ್ಬರಿಗೆ ಮೂರು ಪ್ರಯತ್ನ. ಬೆಂಚಿನ ಮೇಲೆ ಮಲಗಿ, ರಾಡನ್ನು ಎದೆಗೆ ಇಳಿಸಿ, ತೀರ್ಪುಗಾರರು ಹೇಳುವವರೆಗೆ ಅಲ್ಲೇ ತಡೆದು, ಮೇಲಕ್ಕೆ ಎತ್ತಬೇಕು. ಶುರುವಾದ ಮೇಲೆ ತೂಕ ಏರಿಸಬಹುದು, ಇಳಿಸುವಂತಿಲ್ಲ. ಅದಕ್ಕೇ ಎಲ್ಲರೂ ಮೊದಲಿಗೆ ನಿದ್ದೆಗಣ್ಣಲ್ಲೂ ಎತ್ತಬಲ್ಲಷ್ಟನ್ನು ಬರೆಯುತ್ತಾರೆ. ಮೂರೂ ತಪ್ಪಿದರೆ ಹೆಸರಿನ ಮುಂದೆ ಸೊನ್ನೆ.

ಎಪ್ಪತ್ತನ್ನು ನಾನು ಎಂದೂ ಎತ್ತಿರಲಿಲ್ಲ. ಅರವತ್ತೈದನ್ನು ಒಮ್ಮೆ, ಅದೂ ಎದೆಯ ಮೇಲೆ ಪುಟಿಸಿ. ಎಪ್ಪತ್ತು ಅತ್ತೆಯ ಗುರಿ. ನಾಲ್ಕು ತಿಂಗಳ ಹಿಂದೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಹಿಂದಿನ ಕೋಣೆಯ ಬಾಗಿಲಿಗೆ ಬರೆದಿದ್ದರು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಲ್ಲವೇ ಎಂದಿದ್ದಕ್ಕೆ, ನಲವತ್ತು ವರ್ಷ ಹೊಲಿಗೆ ಮಾಡಿದವಳಿಗೆ ಆ ಗಾದೆ ಹೇಳಬೇಡ, ಸಾಲದಿದ್ದರೆ ಇನ್ನೊಂದು ತುಂಡು ಸೇರಿಸಿ ಹೊಲಿಯುತ್ತಾರೆ ಎಂದರು. ನಗಬೇಕಿತ್ತು. ಆಗಲಿ ಎಂದೆ. ಆಗೆಲ್ಲ ಯಾರು ಏನು ಹೇಳಿದರೂ ಆಗಲಿ ಎನ್ನುತ್ತಿದ್ದೆ.

ನಾನು ಕಾಂಕ್ರೀಟ್ ಪರೀಕ್ಷಿಸುವ ಪ್ರಯೋಗಾಲಯದಲ್ಲಿದ್ದೇನೆ. ಕಾಂಕ್ರೀಟಿನ ತುಂಡುಗಳನ್ನು ಯಂತ್ರದಡಿ ಇಟ್ಟು ಎಷ್ಟು ಭಾರಕ್ಕೆ ಒಡೆದವು ಎಂದು ಬರೆಯುವ ಕೆಲಸ. ಆಸೆಪಟ್ಟ ಅಂಕಿಯನ್ನು ಬರೆಯುವ ರೂಢಿ ಅಲ್ಲಿಲ್ಲ.

ಹಿಂದಿನ ಕೋಣೆಯ ಬೆಂಚು, ರಾಡು, ತೂಕದ ಪ್ಲೇಟುಗಳು ನನ್ನ ಗಂಡನವು. ಅವನು ತೀರಿಹೋಗಿ ಹದಿನಾಲ್ಕು ತಿಂಗಳು. ಒಂದು ಸಂಜೆ ಸುಸ್ತಾಗಿ ಆ ಬೆಂಚಿನ ಮೇಲೆ ಮಲಗಿದೆ. ರಾಡು ಕಣ್ಣೆದುರು ಇತ್ತು, ಎತ್ತಿದೆ. ಎತ್ತುವಾಗ ಬೇರೇನೂ ನೆನಪಾಗಲಿಲ್ಲ. ಅತ್ತೆ ಹೊಲಿಗೆ ಬಿಟ್ಟು ಬಂದು ತಲೆಯ ಹತ್ತಿರ ನಿಂತರು. ಮರುದಿನದಿಂದ ಎಣಿಸತೊಡಗಿದರು.

ಚೀಟಿಯಲ್ಲಿ ಯಾಕೆ ಎಪ್ಪತ್ತು ಬರೆದಿರಿ ಎಂದು ಕೇಳಿದೆ.

"ಮತ್ತೇನು ಬರೀಲಿ? ಅದಕ್ಕೇ ತಾನೆ ಬಂದಿರೋದು."

"ಮೊದಲು ಕಡಿಮೆ ಬರೀಬೇಕು ಅತ್ತೆ."

"ಅವನು ಬರೆದಿದ್ನಾ? ಸೀದಾ ನೂರಿಪ್ಪತ್ತು ಕೇಳ್ದ, ಎತ್ಕೊಂಡು ಬಂದ. ದೊಡ್ಡದನ್ನ ಮೊದಲೇ ಕೇಳಿಬಿಡ್ಬೇಕು ಕಣೇ. ಆಮೇಲೆ ಧೈರ್ಯ ಬರಲ್ಲ."

ಅವನ ಕೊನೆಯ ಸ್ಪರ್ಧೆ ಅದು. ಬಾಗಿಲಲ್ಲೇ ನಿಂತು, ಎತ್ತಿದೆ ಅಮ್ಮ ಎಂದಿದ್ದ. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದವರಿಗೂ ಅತ್ತೆ ಆ ನೂರಿಪ್ಪತ್ತನ್ನು ಹೇಳದೆ ಕಳಿಸುತ್ತಿರಲಿಲ್ಲ. ಈಗಲೂ ಹೇಳುತ್ತಾರೆ. ಮಗನ ವಿಷಯ ಅವರ ಬಾಯಲ್ಲಿ ಬರುವುದು ಆಗ ಮಾತ್ರ. ನಡೆದದ್ದು ಬೇರೆ. ಮೂರು ಸಲವೂ ರಾಡು ಎದೆ ಬಿಟ್ಟು ಮೇಲೇಳಲಿಲ್ಲ. ಅಮ್ಮನಿಗೆ ಹೇಳಬೇಡ ಎಂದು ಬಸ್ಸಿನಲ್ಲಿ ನನ್ನಿಂದ ಮಾತು ತೆಗೆದುಕೊಂಡಿದ್ದ.

ಸ್ಪರ್ಧೆಗೆ ಒಂಬತ್ತು ನಿಮಿಷ ಇತ್ತು. ಮೂರು ನಿಮಿಷ ಉಳಿಯುವವರೆಗೆ ಚೀಟಿ ಬದಲಿಸಬಹುದು. ಎದ್ದೆ. ಅತ್ತೆ ಅಡ್ಡ ನಿಂತರು. ಕಡಿಮೆ ಮಾಡುವುದಾದರೆ ತಾನು ಮನೆಗೆ ಹೋಗುತ್ತೇನೆ, ಅವನ ಬೆಂಚಿಗೆ ಅವಮಾನ ಎಂದರು. ನಿಜ ಹೇಳುವುದಕ್ಕಿಂತ ಎತ್ತಲಾಗದ ಭಾರದಡಿ ಮೂರು ಸಲ ಮಲಗಿ ಎದ್ದು ಬರುವುದೇ ಸುಲಭ ಅನ್ನಿಸಿತು. ಅವರ ನೂರಿಪ್ಪತ್ತು ಅವರಿಗೆ ಉಳಿಯುತ್ತದೆ. ಆದರೆ ಸೊನ್ನೆ ಬಂದ ಮೇಲೆ ಮತ್ತೆ ಆ ಕೋಣೆಗೆ ಹೋಗಲಾರೆ ಎಂದು ನನಗೆ ಗೊತ್ತಿತ್ತು. ಸಂಜೆಗಳಿಗೆ ಬೇರೇನೂ ಇರಲಿಲ್ಲ.

"ಅವರು ಎತ್ತಲಿಲ್ಲ ಅತ್ತೆ. ಮೂರು ಸಲಾನೂ ಆಗಲಿಲ್ಲ. ನಿಮಗೆ ಹೇಳ್ಬೇಡ ಅಂದಿದ್ರು."

ಅತ್ತೆ ಬೆಂಚಿನ ಕಡೆ ನೋಡಿದರು. ಅಲ್ಲಿ ಯಾರೋ ಪ್ಲೇಟುಗಳನ್ನು ಒರೆಸುತ್ತಿದ್ದರು.

"ಎದೆ ಮೇಲೆ ಬಿತ್ತಾ?"

"ಇಲ್ಲ. ಹಿಡ್ಕೊಳ್ಳೋರು ಇದ್ರು."

"ಪೆಟ್ಟಾಗ್ಲಿಲ್ಲ ತಾನೆ?"

"ಇಲ್ಲ."

"ಅವತ್ತು ಊಟ ಮಾಡ್ದೆ ಮಲಗಿದ್ದ," ಎಂದರು. "ಖುಷಿಗೆ ಹಸಿವಿಲ್ಲ ಅಂದ್ಕೊಂಡೆ."

ಆಮೇಲೆ ಕನ್ನಡಕ ಹಾಕಿಕೊಂಡು ತಾವೇ ಮೇಜಿನ ಹತ್ತಿರ ಹೋದರು. ಅಲ್ಲಿದ್ದವನೊಡನೆ ಏನೋ ಮಾತಾಡಿ ಬರಿಗೈಯಲ್ಲಿ ಬಂದರು.

"ಬದಲು ಎಷ್ಟು ಬರೀಲಿ ಅಂತ ಕೇಳ್ದ. ನನಗೆ ಗೊತ್ತಿಲ್ಲ ಅಂದೆ. ನೀನೇ ಹೋಗಿ ಹೇಳು."

ಐವತ್ತೈದು ಎಂದು ಹೇಳಿದೆ. ಎತ್ತಿದೆ. ತೀರ್ಪುಗಾರರು ಒಪ್ಪಿದರೆಂದು ಮೂರು ಬಿಳಿ ದೀಪ ಹೊತ್ತಿದವು. ಎರಡನೆಯದು ಅರವತ್ತು, ಅದೂ ಬಂತು. ಮೂರನೆಯದಕ್ಕೆ ಅರವತ್ತೆರಡೂವರೆ ಕೇಳಿದೆ. ಅರ್ಧ ಏರಿ ನಿಂತಿತು, ಹಿಡಿಯುವವರು ತೆಗೆದುಕೊಂಡರು. ಅತ್ತೆ ಎಣಿಸಲಿಲ್ಲ, ಕೂಗಲಿಲ್ಲ. ನೀರಿನ ಬಾಟಲಿ ಹಿಡಿದು ನಿಂತಿದ್ದರು. ಪಟ್ಟಿಯಲ್ಲಿ ಒಂಬತ್ತು ಜನರಲ್ಲಿ ಏಳನೆಯವಳು ನಾನು. ಅರವತ್ತು.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತೆವು. ಎರಡು ಬಸ್ಸು ಹೋದವು, ಯಾವುದೂ ನಮ್ಮದಲ್ಲ.

"ಇನ್ನೇನೇನು ಮುಚ್ಚಿಟ್ಟಿದ್ದೀರಿ ನೀವಿಬ್ರೂ?" ಎಂದು ಅತ್ತೆ ಕೇಳಿದರು.

ಯೋಚಿಸಿದೆ. ಅಡುಗೆಮನೆಯ ಹಸಿರು ಹೂಜಿ ಒಡೆದದ್ದು ಬೆಕ್ಕಲ್ಲ ಎಂದೆ.

"ನಮ್ಮನೆ ಮೂರನೇ ಮಹಡಿ," ಎಂದರು ಅತ್ತೆ. "ಬೆಕ್ಕು ಎಲ್ಲಿಂದ ಬರುತ್ತೆ? ಅದು ಗೊತ್ತಿತ್ತು. ಮುಂದಿಂದು ಹೇಳು."