ಮದ್ದು

ಎಂಬತ್ತನಾಲ್ಕನೆಯ ಇಸವಿಯ ಮಾತು. ಭೂಸನೂರಿನ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಕೆಲಸ ನನ್ನದು. ತಿಂಗಳಲ್ಲಿ ನಾಲ್ಕು ದಿನ ಮಾತ್ರ ಕೈ ಓಡುತ್ತಿರಲಿಲ್ಲ. ಸೊಂಟ ನೋವು, ಮಾತಾಡಿಸಿದರೆ ಸಿಟ್ಟು, ಸಿಟ್ಟಿನ ಹಿಂದೆಯೇ ಅಳು. ಅತ್ತೆ ಹೀರಾಬಾಯಿ ಅದಕ್ಕೆ ಗಾಳಿ ಎಂದು ಹೆಸರಿಟ್ಟಳು. ಗಾಳಿ ಬಿಡಿಸಲು ಕೆಂಡದ ಮೇಲೆ ಒಣಮೆಣಸಿನಕಾಯಿ ಸುರಿದು, ನನ್ನ ತಲೆಗೆ ಕಂಬಳಿ ಮುಚ್ಚಿ, ಆ ಹೊಗೆಗೆ ಬಗ್ಗಿಸುತ್ತಿದ್ದರು. ಸುಡುಗಾಡು ಹೊಗೆ! ಹಿಂದಿನ ಸಲ ಉಸಿರೇ ಕಟ್ಟಿತ್ತು. ಇನ್ನೊಮ್ಮೆ ಬಗ್ಗಿಸಿದರೆ ಸಾಯುತ್ತೇನೆಂಬ ಹೆದರಿಕೆ ನನಗೆ.

ಪಕ್ಕದ ಮನೆಯ ಮೆಹರಾಜಬೇಗಂ ಆಳಂದದ ದವಾಖಾನೆಯಲ್ಲಿ ಆಯಾ ಆಗಿದ್ದವಳು. ಒಂದು ದಿನ ಕೇಳಿದಳು:

"ಶಿವಕಾಂತಾ, ಈ ಗಾಳಿ ಯಾವಾಗ ಬರ್ತದ?"

"ಮುಟ್ಟಾಗೋಕಿಂತ ನಾಕ ದಿನ ಮೊದಲ."

"ಹೋಗೋದು?"

"ಮುಟ್ಟಾದ ಮ್ಯಾಲ."

"ಯಾ ಅಲ್ಲಾ! ತಾರೀಖ ನೋಡಿ ಬರೋ ದೆವ್ವ ಎಲ್ಲ್ಯಾರ ಅದ ಏನು? ಇದು ಮೈಯಾಗಿನ ಬ್ಯಾನಿ ಬೇ."

ಸಬ್ಬಸಗಿ ಬೀಜ, ಒಣಶುಂಠಿ ಕುಟ್ಟಿದ ಪೊಟ್ಟಣ ಕೊಟ್ಟಳು. "ಕುದಿಸಿ ಕುಡಿ. ಎಲ್ಲಾ ಹೋಗ್ತದಂತ ಹೇಳಂಗಿಲ್ಲ. ಇಲ್ಲಂದ್ರ ಡಾಕ್ಟರಬಾಯಿ ಹತ್ರ ಹೋಗೋಣು."

ಎರಡು ತಿಂಗಳು ಕದ್ದು ಕುಡಿದೆ. ಸೊಂಟ ಹಗುರಾಯಿತು, ಅಳು ನಿಲ್ಲಲಿಲ್ಲ; ಹೊಗೆಗೆ ಹೆದರಿ ಹಿತ್ತಲಲ್ಲಿ ಮರೆಯಾಗಿ ಅಳುತ್ತಿದ್ದೆ. ಮೂರನೆಯ ತಿಂಗಳು ಕಷಾಯ ಒಲೆಯ ಮೇಲಿರುವಾಗಲೇ ಪೊಟ್ಟಣ ಅತ್ತೆಯ ಕೈಗೆ ಸಿಕ್ಕಿತು.

"ಮದ್ದು! ನನ್ನ ಮಗನಿಗಿ ಮದ್ದು ಹಾಕಾಕತ್ತಾಳ!"

ನಮ್ಮ ಕಡೆ ಮದ್ದು ಹಾಕುವುದೆಂದರೆ ಉಣ್ಣುವ ಅನ್ನದಲ್ಲಿ ಮಾಟ ಬೆರೆಸುವುದು.

"ಮದ್ದು ಹೌದ್ರಿ ಅತ್ತಿ, ಬ್ಯಾನಿಗಿ ಮದ್ದು. ನಾನೇ ಕುಡೀತೇನಿ" ಎಂದೆ. ನನ್ನ ಗಂಡ ಕಲ್ಯಾಣಪ್ಪ, ಪುಣ್ಯಾತ್ಮ, ಹೋಗಿ ಕಂಬಳಿ ತಂದ. ಕೆಂಡ ಬಂತು. ಅದರ ಮುಂದೆ ಕುಕ್ಕರಿಸಿದೆ. ತಲೆಯ ಮೇಲೆ ಕಂಬಳಿ ಬಿತ್ತು.

ಅಷ್ಟರಲ್ಲಿ ಕಂಬಳಿಯ ಸಂದಿಯಿಂದ ಕಂಡೆ: ನಾದಿನಿ ಗುರುಬಾಯಿ, ಹದಿನಾರರ ಹುಡುಗಿ, ಒಲೆಯ ಮೇಲಿನ ಕಷಾಯಕ್ಕೆ ತಣ್ಣೀರು ಬೆರೆಸಿ ತಂದು ಎಲ್ಲರೆದುರು ಗಟಗಟ ಕುಡಿದಳು.

"ಅವ್ವಾ, ನನಗೂ ಹಿಂಗ ಆಗ್ತದ. ನೀ ಹೊಗಿ ಹಾಕ್ತಿ ಅಂತ ಹೆದರಿ ಹೇಳಿಲ್ಲ. ವೈನಿ ತಲಿ ಮುಚ್ಚಿದ್ರ ನಂದೂ ಮುಚ್ಚು."

ಕಂಬಳಿ ಎತ್ತಿ ನನ್ನ ಪಕ್ಕ ನುಗ್ಗಿ ಕೂತಳು. ಅತ್ತೆಯ ಮುಷ್ಟಿಯಲ್ಲಿ ಮೆಣಸಿನಕಾಯಿ ಹಾಗೇ ಇತ್ತು.

"ಏಳ ಬೇ ಗುರುಬಾಯಿ, ಕಣ್ಣ ಉರೀತಾವ!"

"ವೈನಿ ಕಣ್ಣ ಉರೀಲಿಲ್ಲೇನವ್ವಾ?"

ಅತ್ತೆ ಮೆಣಸಿನಕಾಯಿ ಮೊರಕ್ಕೆ ಹಾಕಿ, ಕೆಂಡದ ಮೇಲೆ ನೀರು ಸುರಿದಳು. ಮರುದಿನ ನಾನೂ ಗುರುಬಾಯಿಯೂ ಮೆಹರಾಜಬೇಗಂ ಜೊತೆ ಡಾಕ್ಟರಬಾಯಿಯ ಹತ್ತಿರ ಹೋಗಲು ಆಳಂದದ ಬಸ್ಸು ಹತ್ತಿದೆವು. ಅತ್ತೆ ರೊಟ್ಟಿ ಕಟ್ಟಿಕೊಟ್ಟಳು.