ಆಚೆ ದಡದ ಹುಡುಗಿ

ಹಸಿರು ಬಾವುಟ ಒತ್ತಿದರೂ ಪರದೆಯ ಮೇಲೆ ಏನೂ ಅಲ್ಲಾಡಲಿಲ್ಲ. ಕೆರೆಯೇನೋ ಇತ್ತು. ಈಚೆ ದಡದಲ್ಲಿ ಎರಡು ಜಡೆಯ ಹುಡುಗಿ, ಆಚೆ ದಡದಲ್ಲಿ ನೀಲಿ ಫ್ರಾಕಿನ ಹುಡುಗಿ, ನಡುವೆ ಮುಸ್ಸಂಜೆಯ ಬಣ್ಣದ ನೀರು. ಇಬ್ಬರೂ ನಿಂತಲ್ಲೇ ನಿಂತಿದ್ದರು. ಗೊಂಬೆಗಳು ನಿಲ್ಲದೆ ಇನ್ನೇನು ಮಾಡಿಯಾವು ಎನ್ನಬೇಡಿ. ಬಾವುಟ ಒತ್ತಿದೊಡನೆ ಇಬ್ಬರೂ ನಡೆದು ಬಂದು ಸೇರಬೇಕೆಂದೇ ಇಬ್ಬರು ಹೆಂಗಸರು ಇಷ್ಟು ವಾರ ಒಂದೇ ಕಂಪ್ಯೂಟರಿನ ಮುಂದೆ ಮೊಣಕೈಗೆ ಮೊಣಕೈ ತಗುಲಿಸಿಕೊಂಡು ಕೂತಿದ್ದು.

"ಇನ್ನೊಂದ್ಸಲ ಒತ್ತಿ ನೋಡಿ," ಎಂದಳು ಟೀಚರ್ ಹುಡುಗಿ.

ಇಬ್ಬರಲ್ಲಿ ಒಬ್ಬರಾದ ನರ್ಸಮ್ಮ ಒತ್ತಿದರು. ಏನೂ ಇಲ್ಲ. ಕೇಕಮ್ಮ ಮೌಸನ್ನು ತಮ್ಮ ಕಡೆಗೆಳೆದುಕೊಂಡು ತಾವೂ ಒತ್ತಿದರು. ಊಹೂಂ.

ಪುಸ್ತಕಾಲಯದ ಮಹಡಿಯ ಮೇಲಿನ ಕೋಣೆ ಅದು. ಕಂಪ್ಯೂಟರ್ ಎಂದರೆ ಗಾವುದ ದೂರ ಓಡುವ ಹಿರಿಯರಿಗಾಗಿ ವಾರಕ್ಕೊಂದು ಮಧ್ಯಾಹ್ನ ತರಗತಿ ನಡೆಯುತ್ತಿತ್ತು. ಟೈಪು ಮಾಡುವ ತಾಪತ್ರಯವಿಲ್ಲ. ಪರದೆಯ ಅಂಚಿನಲ್ಲಿ ಬಣ್ಣಬಣ್ಣದ ಬ್ಲಾಕುಗಳು; ಒಂದೊಂದರ ಮೇಲೂ ಒಂದೊಂದು ಕೆಲಸ ಬರೆದಿರುತ್ತದೆ: ಹತ್ತು ಹೆಜ್ಜೆ ನಡೆ, ತಿರುಗು, ಸ್ವಲ್ಪ ಹೊತ್ತು ಕಾಯಿ, ಇದನ್ನೇ ಮತ್ತೆ ಮತ್ತೆ ಮಾಡು. ಬೇಕಾದ್ದನ್ನು ಮೌಸಿನಲ್ಲಿ ಎಳೆದು ತಂದು ಒಂದರ ಕೆಳಗೊಂದು ಅಂಟಿಸಿ, ಮೇಲಿನ ಹಸಿರು ಬಾವುಟ ಒತ್ತಿದರೆ, ಚಿತ್ರದಲ್ಲಿರುವ ಗೊಂಬೆ ಹೇಳಿದ ಹಾಗೆ ಕೇಳುತ್ತದೆ. ಗಡಿಯಾರ ರಿಪೇರಿ ಮಾಡುವ ತಾತನೊಬ್ಬ ಮೊದಲ ವಾರವೇ ಮುಳ್ಳು ಹಿಂದಕ್ಕೆ ತಿರುಗುವ ಗಡಿಯಾರ ಮಾಡಿ, "ಜೀವಮಾನವೆಲ್ಲ ಗಡಿಯಾರದ ಸೇವೆ ಮಾಡಿದೆ. ನನ್ನ ಮಾತು ಕೇಳಿದ್ದು ಇದೊಂದೇ ನೋಡಮ್ಮ!" ಎಂದು ಟೀಚರಿಗೆ ತೋರಿಸಿದ್ದ.

ಅದೇ ಮೊದಲ ವಾರ ಕೇಕಮ್ಮ ತಡವಾಗಿ ಬಂದಿದ್ದು. ಬೇಕರಿಯಲ್ಲಿ ಕೇಕಿನ ಮೇಲೆ ಹೂ, ಬಳ್ಳಿ, ಹೆಸರು ಬರೆಯುವ ಕೆಲಸ ಅವರದು. ಬೆರಳ ಸಂದಿಯಲ್ಲಿ ಗುಲಾಬಿ ಬಣ್ಣ ಹಾಗೇ ಉಳಿದಿತ್ತು. ಖಾಲಿ ಇದ್ದದ್ದು ಒಂದೇ ಕುರ್ಚಿ, ಅದೂ ನರ್ಸಮ್ಮನ ಪಕ್ಕ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ತಕ್ಷಣ ಮುಖ ತಿರುಗಿಸಿದರು. ಎದ್ದು ಹೋದರೆ ಸೋತ ಹಾಗೆ ಎಂದು ಇವರಿಗೂ ಅನ್ನಿಸಿತು, ಅವರಿಗೂ ಅನ್ನಿಸಿತು. ಅವರಿಬ್ಬರೂ ಒಡಹುಟ್ಟಿದವರೆಂದು ಆ ಕೋಣೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ನಾವಿನ್ನು ನರ್ಸಮ್ಮನನ್ನು ಅಕ್ಕ, ಕೇಕಮ್ಮನನ್ನು ತಂಗಿ ಎಂದೇ ಕರೆಯೋಣ.

ಅಮ್ಮ ತೀರಿಕೊಂಡ ಬೆಳಿಗ್ಗೆಯಿಂದ ಅವರಿಗೆ ಮಾತಿಲ್ಲ. ಆ ರಾತ್ರಿ ಅಕ್ಕ ಆಸ್ಪತ್ರೆಯಲ್ಲಿ ಪಾಳಿಯಲ್ಲಿದ್ದಳು. ತಂಗಿ ಅಮ್ಮನ ಹತ್ತಿರ ಇದ್ದಳು. ತಂಗಿ ಫೋನ್ ಮಾಡಲಿಲ್ಲ. ಎಷ್ಟೋ ಜನರ ಕೊನೆಗಳಿಗೆಯಲ್ಲಿ ಕೈ ಹಿಡಿದು ಕೂತ ಅಕ್ಕ, ಹೆತ್ತ ತಾಯಿಯ ಕೈ ಹಿಡಿಯಲು ಬಂದಾಗ ಅದು ತಣ್ಣಗಾಗಿತ್ತು. ಆಗ ಬಾಯಿಗೆ ಬಂದದ್ದನ್ನು ಆಡಿದಳು. ತಂಗಿ ಎದುರಾಡಲಿಲ್ಲ, ಎದ್ದು ಹೋದಳು. ತಪ್ಪು ಮಾಡಿದವಳು ಅವಳು, ಅವಳೇ ಬಂದು ಮಾತಾಡಲಿ ಎಂದು ಅಕ್ಕ ಕಾದಳು. ಅಂಥಾ ಮಾತು ಆಡಿದವಳು ಅವಳು, ಅವಳೇ ಬರಲಿ ಎಂದು ತಂಗಿಯೂ ಕಾದಳು. ಕಾಯುತ್ತಾ ಕಾಯುತ್ತಾ ಇಬ್ಬರಿಗೂ ಕೂದಲು ಬೆಳ್ಳಗಾಯಿತು.

ತರಗತಿಯಲ್ಲಂತೂ ಅವರ ನಾಟಕ ನೋಡಬೇಕಿತ್ತು. ನೇರವಾಗಿ ಒಂದು ಮಾತಿಲ್ಲ, ಎಲ್ಲವೂ ಟೀಚರ್ ಮುಖಾಂತರ.

"ಇವರಿಗೆ ಹೇಳಮ್ಮಾ, ಮೌಸನ್ನು ಹಾಗೆ ಹಿಸುಕಬಾರದು ಅಂತ."

"ಮೌಸಿಗೇನೂ ನೋವಾಗಲ್ಲ ಅಂತ ಅವರಿಗೆ ಹೇಳಮ್ಮಾ. ಅದಕ್ಕೆ ನರ್ಸ್ ಬೇಕಾಗಿಲ್ಲ."

ಟೀಚರ್ ಹುಡುಗಿ ಪಾಪ, ಇಬ್ಬರ ಮುಖವನ್ನೂ ನೋಡಿ, ಇವರಿಗೇನೋ ಸಂಕೋಚ ಎಂದುಕೊಂಡಿದ್ದಳು.

ಆಮೇಲೊಂದು ವಾರ, "ನಿಮಗೆ ನೆನಪಿರೋ ಒಂದು ಜಾಗದ ಚಿತ್ರ ಬರೀರಿ. ಅಲ್ಲಿ ಯಾರಾದರೂ ನಡೆದಾಡಲಿ," ಎಂದಳು ಟೀಚರ್. ಕಿಟಕಿಗೆ ಅರ್ಧ ಎಳೆದ ಪರದೆ, ಫ್ಯಾನಿನ ಗುಂಯ್ ಸದ್ದು. ಜೀವನವೆಲ್ಲ ರಾತ್ರಿ ದುಡಿದು ಹಗಲು ಮಲಗಿದವಳು ಅಕ್ಕ, ಕೆಲಸ ಬಿಟ್ಟ ಮೇಲೂ ಮಧ್ಯಾಹ್ನವಾದರೆ ರೆಪ್ಪೆ ತಾನಾಗಿ ಇಳಿಯುತ್ತಿತ್ತು. ಅಂದೂ ಕೂತಲ್ಲೇ ಜೊಂಪು ಹತ್ತಿತು. ಕಣ್ಣು ಬಿಟ್ಟಾಗ ಎದುರಿಗೆ ಕೆರೆ. ಚಿಕ್ಕಂದಿನ ಅದೇ ಕೆರೆ! ಬಾಗಿದ ಮರ, ಒಡೆದ ಮೆಟ್ಟಿಲು, ನೀರಿನಲ್ಲಿ ತಲೆಕೆಳಗಾದ ಆಕಾಶ. ಕನಸು ಇನ್ನೂ ಮುಗಿದಿಲ್ಲವೆಂದುಕೊಂಡು ಅವಳು ಸ್ವಲ್ಪ ಹೊತ್ತು ಹಾಗೇ ನೋಡುತ್ತಿದ್ದಳು. ಪಕ್ಕದಲ್ಲಿ ಗುಲಾಬಿ ಬಣ್ಣ ಮೆತ್ತಿದ ಕೈಯೊಂದು ಆಚೆ ದಡದಲ್ಲಿ ನೀಲಿ ಫ್ರಾಕಿನ ಹುಡುಗಿಯನ್ನು ಬರೆಯುತ್ತಿತ್ತು.

ಅಕ್ಕ ಮೌಸ್ ತನ್ನ ಸರದಿಗೆ ಬಂದಾಗ ಈಚೆ ದಡದಲ್ಲಿ ಎರಡು ಜಡೆಯ ಹುಡುಗಿಯನ್ನು ಬರೆದಳು. ಜಡೆ ಒಂದು ಗಿಡ್ಡ, ಒಂದು ಉದ್ದವಾಯಿತು. ಮುಂದಿನ ವಾರ ಬಂದು ನೋಡಿದರೆ ಯಾರೋ ಗಿಡ್ಡ ಜಡೆಯನ್ನು ಎಳೆದು ಸಮ ಮಾಡಿದ್ದರು.

ಅಂದಿನಿಂದ ಅಕ್ಕನಿಗೆ ಮಧ್ಯಾಹ್ನದ ನಿದ್ದೆಯಲ್ಲೆಲ್ಲಾ ಆ ಕೆರೆಯೇ. ಎರಡು ಜಡೆಯ ಹುಡುಗಿಗೆ ಅಕ್ಕ ಬ್ಲಾಕ್ ಜೋಡಿಸಿದಳು, ನೀಲಿ ಫ್ರಾಕಿನವಳಿಗೆ ತಂಗಿ ಜೋಡಿಸಿದಳು. ಒಬ್ಬರು ಜೋಡಿಸುವಾಗ ಇನ್ನೊಬ್ಬರು ಕಿಟಕಿಯ ಕಡೆ ನೋಡುತ್ತಿದ್ದರು. ಕದ್ದು ನೋಡಿದರು ಎನ್ನುವ ಹೆಸರು ಯಾರಿಗೆ ಬೇಕು?

ಹಾಗೆ ನೋಡದೇ ಜೋಡಿಸಿದ್ದರ ಫಲ ಈಗ ಪರದೆಯ ಮೇಲೆ ಕಲ್ಲಾಗಿ ನಿಂತಿತ್ತು. ಅದೂ ಕೊನೆಯ ತರಗತಿಯ ದಿನ. ಮುಂದಿನ ವಾರದಿಂದ ಕೋಣೆ ಬೇರೆಯವರಿಗೆ. ಪಕ್ಕಪಕ್ಕದಲ್ಲಿ ಕೂರಲು ಇನ್ನು ಇವರಿಬ್ಬರಿಗೂ ಒಂದು ನೆಪವೂ ಉಳಿಯುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಟೀಚರ್ ಬಗ್ಗಿ ಎರಡೂ ಹುಡುಗಿಯರ ಬ್ಲಾಕುಗಳನ್ನು ನೋಡಿದಳು. ನೋಡಿ, ನಕ್ಕುಬಿಟ್ಟಳು.

"ತಪ್ಪೇನೂ ಇಲ್ಲಮ್ಮಾ. ಇಬ್ಬರೂ ಕಾಯ್ತಿದ್ದಾರೆ, ಅಷ್ಟೇ. 'ಕೂಗು ಕೇಳಿಸಿದಾಗ ನಡೆ' ಅಂತ ಇವಳಿಗೂ ಇಟ್ಟಿದ್ದೀರಿ, ಅವಳಿಗೂ ಇಟ್ಟಿದ್ದೀರಿ. 'ಕೂಗು ಹಾಕು' ಅನ್ನೋ ಬ್ಲಾಕ್ ಇಬ್ಬರ ಹತ್ತಿರಾನೂ ಇಲ್ಲ. ಕೂಗೋರು ಯಾರು ಮತ್ತೆ?"

"ನಮ್ಮ ಮನೇಲೂ ಹಿಂಗೇ ಕಣಮ್ಮ," ಎಂದ ಗಡಿಯಾರದ ತಾತ, "ಟೀ ಅವಳು ಮಾಡ್ತಾಳೆ ಅಂತ ನಾನು, ನಾನು ಮಾಡ್ತೀನಿ ಅಂತ ಅವಳು. ಕೊನೆಗೆ ಇಬ್ಬರಿಗೂ ನೀರೇ ಗತಿ."

ಎಲ್ಲರೂ ನಕ್ಕರು. ಅಕ್ಕತಂಗಿಯರು ನಗಲಿಲ್ಲ.

"ಸುಲಭ ಇದೆ," ಎಂದಳು ಟೀಚರ್. "ದಡದ ಮೇಲೊಂದು ಮನೆ ಬರೆಯೋಣ. ಕಿಟಕಿಯಿಂದ ಅಮ್ಮ ಕೂಗ್ತಾರೆ. ಇಬ್ಬರೂ ಓಡಿ ಬರ್ತಾರೆ."

"ಬೇಡ!" ಎಂದರು ಇಬ್ಬರೂ, ಒಟ್ಟಿಗೆ.

ಟೀಚರ್ ಬೆಚ್ಚಿದಳು. ಅಷ್ಟರಲ್ಲಿ ಕೆಳಗೆ ಟೀ ಬಂದಿದೆಯೆಂದು ಯಾರೋ ಕೂಗಿದರು, ಎಲ್ಲರೂ ಮೆಟ್ಟಿಲಿಳಿದು ಹೋದರು. ಕೋಣೆಯಲ್ಲಿ ಇವರಿಬ್ಬರು, ಫ್ಯಾನು, ಕೆರೆ. ಪರದೆಯ ಮುಸ್ಸಂಜೆ ಬಣ್ಣ ಇಬ್ಬರ ಮುಖದ ಮೇಲೂ ಬಿದ್ದಿತ್ತು. ಹೇಳಿ ಕಳಿಸಲು ನಡುವೆ ಟೀಚರ್ ಇರಲಿಲ್ಲ.

"ಆಚೆ ಇರೋಳೇ ಕೂಗ್ತಾಳೆ ಅಂದ್ಕೊಂಡಿದ್ದೆ ನಾನು," ಎಂದಳು ಅಕ್ಕ, ಪರದೆಗೇ ಹೇಳುವ ಹಾಗೆ.

"ಅವಳು ಯಾವತ್ತು ಕೂಗಿದ್ಲು?" ತಂಗಿಯ ದನಿ ಸಣ್ಣದಾಗಿತ್ತು. "ಸಿಟ್ಟು ಮಾಡ್ಕೊಂಡು ಆಚೆ ದಡಕ್ಕೆ ಹೋಗಿ ಕೂರೋಳು ನಾನು. ಈಚೆ ನಿಂತು ಕೂಗೋಳು ನೀನು. ಚಿಕ್ಕಂದಿನಿಂದ ಹಾಗೇ ಅಲ್ವೇನೇ?"

"ಒಂದೇ ಒಂದ್ಸಲ ನೀನು ಕೂಗಬೇಕಿತ್ತು ಕಣೇ. ಆ ರಾತ್ರಿ."

ತಂಗಿ ಬೆರಳಿನ ಬಣ್ಣವನ್ನು ಉಗುರಿನಿಂದ ಕೆರೆಯತೊಡಗಿದಳು. "ಫೋನ್ ಕೈಯಲ್ಲೇ ಇತ್ತು. ನಿನ್ನ ನಂಬರನ್ನೂ ಒತ್ತಿದ್ದೆ. ಅಮ್ಮ ನನ್ನ ಕೈ ಹಿಡ್ಕೊಂಡ್ಲು. 'ಬೇಡ, ಅವಳ ವಾರ್ಡಿನಲ್ಲೂ ಯಾರದೋ ಅಮ್ಮ ಮಲಗಿರ್ತಾಳೆ. ಅವಳು ಅಲ್ಲೇ ಇರ್ಲಿ, ಬೆಳಿಗ್ಗೆ ಬರ್ತಾಳಲ್ಲ' ಅಂದ್ಲು. ನಾನು ಇಟ್ಟುಬಿಟ್ಟೆ. ಬೆಳಿಗ್ಗೆವರೆಗೂ ಇರ್ತಾಳೆ ಅಂದ್ಕೊಂಡೆ ಅಕ್ಕಾ."

ಅಕ್ಕ ಮೆಲ್ಲಗೆ ತಿರುಗಿದಳು. "ಇದನ್ನ ಆವತ್ತೇ ಯಾಕೆ ಬಾಯಿಬಿಡ್ಲಿಲ್ಲ ನೀನು?"

"ಕೇಳಿದ್ಯಾ ನೀನು? ಬಂದವಳೇ 'ನೀನು ನನ್ನ ತಂಗೀನೇ ಅಲ್ಲ' ಅಂದೆ. ಆಮೇಲೆ... ಅಮ್ಮ ಇನ್ನೂ ಅಲ್ಲೇ ಮಲಗಿದ್ಲು. ಅವಳ ಎದುರಿಗೇ ಅವಳ ಮೇಲೆ ತಪ್ಪು ಹಾಕಲಾ?"

ಆ ರಾತ್ರಿ ಅಕ್ಕನ ವಾರ್ಡಿನಲ್ಲಿ ನಿಜಕ್ಕೂ ಒಬ್ಬಳು ಮುದುಕಿ ಇದ್ದಳು. ಬೆಳಗಿನವರೆಗೂ ಇವಳ ಬೆರಳು ಬಿಟ್ಟಿರಲಿಲ್ಲ. ಈ ಮಾತು ಅವಳು ಯಾರಿಗೂ ಹೇಳಿರಲಿಲ್ಲ. ತಂಗಿ ಎದುರಿಗೆ ಸಿಕ್ಕರೆ ಅನ್ನಬೇಕೆಂದು ಇಷ್ಟು ಕಾಲ ಕೂಡಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಈಗ ಉಪಯೋಗಕ್ಕೆ ಬರುವಂತಿರಲಿಲ್ಲ. ನಾಚಿಕೆಯಾಯಿತು, ಅಮ್ಮನ ಮೇಲೆ ಸಿಟ್ಟು ಬಂತು, ಆ ಸಿಟ್ಟಿನ ಹಿಂದೆಯೇ ಅಳುವೂ ಬಂತು. ಸೆರಗು ಹುಡುಕುವಷ್ಟರಲ್ಲಿ ತಂಗಿ ಬೇಕರಿಯ ಕಾಗದದ ಕರ್ಚೀಫೊಂದನ್ನು ಮೇಜಿನ ಮೇಲೆ ಸರಿಸಿದಳು.

ಟೀ ಕುಡಿದವರು ಗಲಗಲ ಮಾತಾಡುತ್ತಾ ಮೇಲೆ ಬಂದರು.

"ಕೂಗು ಹಾಕೋ ಬ್ಲಾಕ್ ಎಲ್ಲಿದೆಯಮ್ಮಾ?" ಎಂದಳು ಅಕ್ಕ, ಮೂಗು ಒರೆಸಿಕೊಳ್ಳುತ್ತಾ.

ಟೀಚರ್ ತೋರಿಸಿದಳು. ಅಕ್ಕ ಅದನ್ನು ಎಳೆದು ತಂದು ಎರಡು ಜಡೆಯ ಹುಡುಗಿಗೆ, ಹಸಿರು ಬಾವುಟದ ಕೆಳಗೆ ಅಂಟಿಸಿದಳು. ಮೊದಲ ಸಲ ಜಾರಿತು. ತಂಗಿ ಅವಳ ಕೈಯ ಮೇಲೆ ಕೈಯಿಟ್ಟು ಕೂಡಿಸಿದಳು.

"ದನಿಯೂ ಬೇಕು ಅಂದರೆ ಈ ಮೈಕಿನಲ್ಲಿ ಹೇಳಿ, ಸೇರಿಸಿಬಿಡೋಣ," ಎಂದಳು ಟೀಚರ್.

ಅಕ್ಕ ಮೈಕಿನ ಹತ್ತಿರ ಬಾಯಿ ತಂದಳು. ಹೊರಟದ್ದು, ಮಲಗಿದವರು ಏಳಬಾರದೆಂದು ವಾರ್ಡಿನಲ್ಲಿ ಮಾತಾಡಿ ರೂಢಿಯಾದ ಪಿಸುದನಿ.

"ಜೋರಾಗಿ ಅಮ್ಮಾ. ಅದು ಆಚೆ ದಡಕ್ಕೆ ಕೇಳಿಸಬೇಕಲ್ವಾ?"

ಅಕ್ಕ ಎದ್ದು ನಿಂತಳು. ಬಾಯಿಯ ಸುತ್ತ ಎರಡೂ ಕೈ ಹಿಡಿದಳು. ಅಮ್ಮ ಹೋದಂದಿನಿಂದ ಅವಳ ನಾಲಗೆಯ ಮೇಲೆ ಬಾರದ ಹೆಸರು ಅದು.

"ಚುಕ್ಕೀ... ಬಾರೇ! ಕತ್ತಲಾಯ್ತು!"

ಕೆಳಗಿನ ಓದುವ ಕೋಣೆಯಲ್ಲಿ ಎಲ್ಲರ ತಲೆಯೂ ಪುಸ್ತಕದಿಂದ ಮೇಲೆದ್ದಿರಬೇಕು. ಗ್ರಂಥಪಾಲಕರು ಮೆಟ್ಟಿಲಿನ ಬುಡಕ್ಕೆ ಬಂದು, "ಯಾರ್ರೀ ಅದು? ಇಲ್ಲಿ ಗಲಾಟೆ ಮಾಡಬಾರದು," ಎಂದರು.

"ಕೆರೆ ಹತ್ತಿರ ಯಾರೋ ಯಾರನ್ನೋ ಕರೀತಿದ್ದಾರೆ ಸ್ವಾಮಿ, ಬಿಡಿ," ಎಂದ ಗಡಿಯಾರದ ತಾತ, ಮೇಲಿನಿಂದಲೇ.

ತಂಗಿ ತಲೆ ತಗ್ಗಿಸಿ ಕೂತಿದ್ದಳು. ಟೀಚರ್ ಒಮ್ಮೆ ಅವಳ ಮುಖ ನೋಡಿದಳು, ಒಮ್ಮೆ ಅಕ್ಕನ ಮುಖ ನೋಡಿದಳು. ಇಬ್ಬರ ಮೂಗೂ ಒಂದೇ ಥರ ಇರುವುದು ಅವಳಿಗೆ ಈಗ ಕಾಣಿಸಿತು. ಅವಳು ಬಾವುಟ ಒತ್ತಿದಳು.

ಕೂಗು ಕೇಳಿಸಿತು. ನೀಲಿ ಫ್ರಾಕಿನ ಹುಡುಗಿ ಕಾಲೆತ್ತಿದಳು. ಆದರೆ ಎರಡು ಜಡೆಯ ಹುಡುಗಿಯೂ ಕಾಲೆತ್ತಿದಳು!

"ಇವಳ್ಯಾಕೆ ಹೊರಟ್ಲು? ಕೂಗಿದ್ದು ಇವಳೇ ತಾನೆ?" ಎಂದಳು ಅಕ್ಕ ಗಾಬರಿಯಿಂದ.

"ಕೂಗಿದ್ದು ಎಲ್ಲರಿಗೂ ಕೇಳಿಸುತ್ತಮ್ಮಾ, ಕೂಗಿದೋರಿಗೂ ಸೇರಿಸಿ. ಕೇಳಿಸಿದರೆ ನಡೆ ಅಂತ ನೀವೇ ಇಟ್ಟಿದ್ದೀರಲ್ಲ." ಅಷ್ಟರಲ್ಲಿ ಟೀಚರ್ ಹಣೆ ಚಚ್ಚಿಕೊಂಡಳು. "ಅಯ್ಯೋ, ಇಬ್ಬರೂ ನೀರಿನ ಮೇಲೇ ಹೊರಟುಬಿಟ್ಟರು! ತಾಳಿ, ದಡ ಸುತ್ತಿಕೊಂಡು ಬರೋ ಹಾಗೆ ಸರಿ ಮಾಡ್ತೀನಿ."

"ಬೇಡ ಬಿಡಮ್ಮಾ," ಎಂದಳು ತಂಗಿ. "ಸುತ್ತಿಕೊಂಡು ಬರೋಕೆ ತುಂಬಾ ಹೊತ್ತಾಗುತ್ತೆ."

ತರಗತಿ ಮುಗಿಯಿತು. ಒಬ್ಬೊಬ್ಬರೇ ಹೇಳಿ ಹೊರಟರು. ತಾತನ ಗಡಿಯಾರ ಆರಿತು, ಒಂದೊಂದೇ ಪರದೆ ಕಪ್ಪಾಯಿತು. ಟೀಚರ್ ಕಿಟಕಿಗಳನ್ನು ಮುಚ್ಚುತ್ತಾ ಮೂಲೆಯ ಆ ಕಂಪ್ಯೂಟರಿನ ಹತ್ತಿರ ಬಂದಳು. ಯಾಕೋ ಅದನ್ನು ಮಾತ್ರ ಬಿಟ್ಟು ಬಾಗಿಲ ಬಳಿ ಹೋಗಿ ನಿಂತಳು.

"ಇನ್ನೊಂದ್ಸಲ ಒತ್ತೇ," ಎಂದಳು ಅಕ್ಕ.

"ನಾನೂ ಅದನ್ನೇ ಮಾಡ್ತಿದ್ದೀನಿ, ಸುಮ್ನಿರು," ಎಂದು ತಂಗಿ ಬಾವುಟ ಒತ್ತಿದಳು.

ಹುಡುಗಿಯರು ಮತ್ತೆ ತಮ್ಮ ತಮ್ಮ ದಡಗಳಿಗೆ ಹೋಗಿ ನಿಂತರು. ಸಣ್ಣ ಸ್ಪೀಕರಿನೊಳಗಿಂದ ಅಕ್ಕನ ದನಿ ಕೆರೆಯ ಮೇಲೆಲ್ಲ ಹರಡಿತು. ಒಬ್ಬಳು ಆಚೆಯಿಂದ, ಒಬ್ಬಳು ಈಚೆಯಿಂದ ನೀರಿನ ಮೇಲೆ ಕಾಲಿಟ್ಟರು. ಅವರು ಕಾಲಿಟ್ಟಲ್ಲೆಲ್ಲೂ ನೀರು ಅಲುಗಾಡಲಿಲ್ಲ.